ಹೊಸ್ತಿಲು ದಾಟಿದ ಮೇಲಿನ ಲೆಕ್ಕ: ಕ್ವಾಂಟಮ್ ದೋಷ ತಿದ್ದುಪಡಿ ಎಲ್ಲಿಗೆ ಬಂದಿದೆ?

ಕ್ವಾಂಟಮ್ ಕಂಪ್ಯೂಟರಿನ ಸುದ್ದಿ ಬಂದಾಗಲೆಲ್ಲ ಮೊದಲು ಕಣ್ಣಿಗೆ ಬೀಳುವುದು ಅದರಲ್ಲಿ ಎಷ್ಟು ಕ್ಯೂಬಿಟ್‌ಗಳು, ಅಂದರೆ ಸೊನ್ನೆ ಮತ್ತು ಒಂದರ ಬೆರಕೆಯಲ್ಲೂ ಇರಬಲ್ಲ ಕ್ವಾಂಟಮ್ ಬಿಟ್‌ಗಳು, ಇವೆ ಎಂಬ ಸಂಖ್ಯೆ. ಆ ಸಂಖ್ಯೆಯೊಂದರಿಂದಲೇ ತಿಳಿಯುವುದು ಬಹಳ ಕಡಿಮೆ. ಐಬಿಎಂ 2023ರ ಡಿಸೆಂಬರಿನಲ್ಲಿ ತೋರಿಸಿದ ಕಾಂಡೋರ್ ಚಿಪ್‌ನಲ್ಲಿ 1,121 ಕ್ಯೂಬಿಟ್‌ಗಳಿದ್ದವು. ಅದಾಗಿ ಒಂದು ವರ್ಷಕ್ಕೆ ಗೂಗಲ್ ಮುಂದಿಟ್ಟ ವಿಲೋ ಚಿಪ್‌ನಲ್ಲಿದ್ದದ್ದು 105. ಆದರೂ ಈ ಕ್ಷೇತ್ರದ ಚರಿತ್ರೆಯಲ್ಲಿ ಮೈಲಿಗಲ್ಲಾಗಿ ಉಳಿಯುವುದು ಎರಡನೆಯದೇ. ರಕ್ಷಣೆಗೆಂದು ಇನ್ನಷ್ಟು ಕ್ಯೂಬಿಟ್‌ಗಳನ್ನು ಸೇರಿಸಿದರೆ ಒಟ್ಟು ದೋಷ ಹೆಚ್ಚುವ ಬದಲು, ಸೇರಿಸಿದಷ್ಟೂ ತಗ್ಗುತ್ತ ಹೋಗುತ್ತದೆ ಎಂಬುದು ಸರ್ಫೇಸ್ ಕೋಡ್ ಎಂಬ ವಿಧಾನದಲ್ಲಿ ಅಲ್ಲಿ ಸಂದೇಹಕ್ಕೆ ಎಡೆಯಿಲ್ಲದಂತೆ ಕಂಡಿತು. ಹೀಗಾಗಿ ಮೂವತ್ತು ವರ್ಷಗಳಿಂದ ಕೇಳುತ್ತಿದ್ದ ‘ಇದು ಸಾಧ್ಯವೇ’ ಎಂಬ ಪ್ರಶ್ನೆ ಹಿಂದೆ ಸರಿದು, ‘ಎಷ್ಟು ಖರ್ಚಿನಲ್ಲಿ, ಎಷ್ಟು ವೇಗದಲ್ಲಿ, ಯಾರ ಕೈಯಿಂದ’ ಎಂಬ ಪ್ರಶ್ನೆ ಮುಂದೆ ಬಂದಿದೆ. ಈ ಎರಡನೆಯ ಪ್ರಶ್ನೆಗೆ ಉತ್ತರ ಯಾವುದೋ ಒಂದು ಚಿಪ್‌ನಿಂದ ಬರಲಾರದು. ಗಣಿತ, ಭೌತವಿಜ್ಞಾನ, ವಸ್ತುವಿಜ್ಞಾನ, ಎಲೆಕ್ಟ್ರಾನಿಕ್ಸ್‌ಗಳ ಜನ ಒಬ್ಬರ ಲೆಕ್ಕವನ್ನು ಇನ್ನೊಬ್ಬರು ಓದಬಲ್ಲಷ್ಟು ಹತ್ತಿರ ಬಂದರೆ ಮಾತ್ರ ಬರುತ್ತದೆ ಎಂಬುದು ನನ್ನ ವಾದ.

ಸಾಮಾನ್ಯ ಕಂಪ್ಯೂಟರಿನ ಟ್ರಾನ್ಸಿಸ್ಟರ್ ತಪ್ಪುವುದು ಎಷ್ಟು ಅಪರೂಪವೆಂದರೆ ಅದನ್ನು ಬಳಸುವವರು ಆ ಬಗ್ಗೆ ಯೋಚಿಸುವುದೇ ಇಲ್ಲ. ಕ್ಯೂಬಿಟ್‌ನ ಸಂಗತಿ ಬೇರೆ. ಸುತ್ತಲಿನ ಶಾಖ, ಕಾಂತಕ್ಷೇತ್ರದ ಅಲುಗಾಟ, ಪಕ್ಕದ ಕ್ಯೂಬಿಟ್‌ನ ಸೋಂಕು, ಅದನ್ನು ನಡೆಸಲು ಕಳುಹಿಸುವ ಸ್ಪಂದನದಲ್ಲಿನ ಸಣ್ಣ ಏರುಪೇರು, ಇವುಗಳಲ್ಲಿ ಯಾವುದು ತಾಕಿದರೂ ಅದರ ಸ್ಥಿತಿ ಕದಡುತ್ತದೆ. ಇಂದಿನ ಬಹುಪಾಲು ಒಳ್ಳೆಯ ಯಂತ್ರಗಳಲ್ಲಿ ಎರಡು ಕ್ಯೂಬಿಟ್‌ಗಳ ನಡುವಿನ ಕ್ರಿಯೆ ಕೆಲವು ನೂರಕ್ಕೊಮ್ಮೆಯಿಂದ ಸಾವಿರಕ್ಕೊಮ್ಮೆಯವರೆಗೆ ತಪ್ಪುತ್ತದೆ. ಆದರೆ 2048 ಬಿಟ್‌ಗಳ ಆರ್‌ಎಸ್‌ಎ ಗೂಢಲಿಪಿಯನ್ನು ಒಡೆಯುವಂಥ ಗಣನೆಗೆ ಬೇಕಾಗುವುದು ನೂರಾರು ಕೋಟಿ ಕ್ರಿಯೆಗಳು. ಈ ಎರಡರ ನಡುವಿನ ಕಂದಕವನ್ನು ಕ್ಯೂಬಿಟ್‌ಗಳನ್ನು ಇನ್ನಷ್ಟು ನಯವಾಗಿ ತಯಾರಿಸುವುದರಿಂದಲೇ ತುಂಬಲು ಆಗುವುದಿಲ್ಲ. ತಪ್ಪುಗಳು ಆಗುತ್ತಲೇ ಇರುತ್ತವೆ ಎಂದು ಒಪ್ಪಿಕೊಂಡು, ಆದ ಹಾಗೆಯೇ ಹಿಡಿದು ಸರಿಪಡಿಸುವ ವ್ಯವಸ್ಥೆ ಬೇಕು.

ಹಳೆಯ ಉಪಾಯ ಇಲ್ಲಿ ನಡೆಯುವುದಿಲ್ಲ. ಸಾಮಾನ್ಯ ಬಿಟ್ ಒಂದನ್ನು ಮೂರು ಕಡೆ ಬರೆದಿಟ್ಟು ಬಹುಮತ ನೋಡಬಹುದು. ಅಪರಿಚಿತ ಕ್ವಾಂಟಮ್ ಸ್ಥಿತಿಯನ್ನು ನಕಲು ಮಾಡಲಾಗದು ಎಂಬುದು 1982ರಲ್ಲೇ ಸಿದ್ಧವಾಗಿತ್ತು. ಮುಟ್ಟಿ ನೋಡಿದರೆ, ಅಂದರೆ ಅಳೆದರೆ, ಸ್ಥಿತಿಯೇ ಕುಸಿಯುತ್ತದೆ. ಜೊತೆಗೆ ದೋಷವೂ ಸೊನ್ನೆ ಒಂದಾಗುವ ಸರಳ ಬಗೆಯದಲ್ಲ. ಎಷ್ಟು ಬೇಕಾದರೂ ಸಣ್ಣ ಪ್ರಮಾಣದಲ್ಲಿ ಯಾವ ದಿಕ್ಕಿಗೆ ಬೇಕಾದರೂ ಜಾರಬಲ್ಲದು. 1995ರಲ್ಲಿ ಪೀಟರ್ ಶೋರ್ ಒಂಬತ್ತು ಕ್ಯೂಬಿಟ್‌ಗಳ ಕೋಡ್‌ನಿಂದ, 1996ರಲ್ಲಿ ಆ್ಯಂಡ್ರ್ಯೂ ಸ್ಟೀನ್ ಏಳು ಕ್ಯೂಬಿಟ್‌ಗಳ ಕೋಡ್‌ನಿಂದ ಈ ಮೂರೂ ತೊಡಕುಗಳಿಗೆ ದಾರಿ ತೋರಿಸಿದರು. ಕೋಡ್ ಎಂದರೆ ಒಂದು ಕ್ಯೂಬಿಟ್‌ನ ಮಾಹಿತಿಯನ್ನು ಹಲವು ಕ್ಯೂಬಿಟ್‌ಗಳಲ್ಲಿ ಹಂಚಿಡುವ ರೀತಿ. ಇಬ್ಬರು ಒಂದೊಂದು ಗುಟ್ಟಿನ ಅಂಕಿಯನ್ನು ಮುಷ್ಟಿಯಲ್ಲಿಟ್ಟುಕೊಂಡಿದ್ದಾರೆ ಎಂದುಕೊಳ್ಳಿ. ಅಂಕಿ ಯಾವುದೆಂದು ಕೇಳದೆ ‘ನಿಮ್ಮಿಬ್ಬರದೂ ಒಂದೇ ಏನು’ ಎಂದಷ್ಟೇ ಕೇಳಿದರೆ ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ, ಯಾರಲ್ಲಾದರೂ ಅಂಕಿ ಬದಲಾಗಿದ್ದರೆ ಅದು ಮಾತ್ರ ಹೊರಬೀಳುತ್ತದೆ. ಕ್ವಾಂಟಮ್ ಕೋಡ್‌ಗಳು ಮಾಡುವುದು ಇಂಥ ತಾಳೆ ನೋಡುವ ಕೆಲಸವನ್ನೇ. ಅದರ ಉತ್ತರಗಳ ಸರಣಿಗೆ ಸಿಂಡ್ರೋಮ್ ಎಂದು ಹೆಸರು. ಇದರಲ್ಲಿ ನಿಜವಾಗಿ ಸೋಜಿಗದ ಅಂಶವೆಂದರೆ, ತಾಳೆ ನೋಡುವ ಕ್ರಿಯೆಯೇ ಅರೆಬರೆ ಜಾರಿದ ಸ್ಥಿತಿಯನ್ನು ‘ಪೂರ್ತಿ ತಪ್ಪಾಗಿದೆ’ ಅಥವಾ ‘ಏನೂ ಆಗಿಲ್ಲ’ ಎಂಬ ಎರಡರಲ್ಲಿ ಒಂದಕ್ಕೆ ತಂದು ನಿಲ್ಲಿಸುತ್ತದೆ. ಹಾಗಾಗಿ ಅಳತೆಯಿಲ್ಲದ ಬಗೆಗಳ ದೋಷಗಳು ಎಣಿಸಬಹುದಾದ ಕೆಲವೇ ಬಗೆಗಳಿಗೆ ಇಳಿಯುತ್ತವೆ.

ಕಾಗದದ ಮೇಲೆ ಇದು ಸರಿಹೋದರೂ ಅನುಮಾನ ಹೋಗಲಿಲ್ಲ, ಏಕೆಂದರೆ ತಾಳೆ ನೋಡುವ ಉಪಕರಣವೂ ತಪ್ಪು ಮಾಡುವ ಕ್ಯೂಬಿಟ್‌ಗಳಿಂದಲೇ ಆಗಬೇಕು. 1996ರಲ್ಲಿ ಸೆರ್ಜ್ ಹರೋಶ್ ಮತ್ತು ಜಾನ್-ಮಿಶೆಲ್ ರೇಮಂಡ್ ದೊಡ್ಡ ಕ್ವಾಂಟಮ್ ಗಣನೆಯ ಕನಸನ್ನು ಕಟುವಾಗಿ ಪ್ರಶ್ನಿಸಿದ್ದರು. ಒಂದೊಂದೇ ಕ್ವಾಂಟಮ್ ವ್ಯವಸ್ಥೆಯನ್ನು ಹಿಡಿದು ನಿಯಂತ್ರಿಸುವ ಪ್ರಯೋಗಗಳಿಗಾಗಿ ಇದೇ ಹರೋಶ್ ಅವರಿಗೆ 2012ರ ನೊಬೆಲ್ ಬಂದದ್ದನ್ನು ನೆನೆದರೆ, ಆ ಅನುಮಾನ ಹೊರಗಿನವರ ಕುಹಕವಾಗಿರಲಿಲ್ಲ, ಕೆಲಸದ ಕಷ್ಟ ಬಲ್ಲವರ ಮಾತಾಗಿತ್ತು ಎಂದು ತಿಳಿಯುತ್ತದೆ. ಅದೇ ವರ್ಷಗಳಲ್ಲಿ ಡೋರಿಟ್ ಅಹರೊನೊವ್ ಮತ್ತು ಮೈಕೆಲ್ ಬೆನ್-ಓರ್, ಅಲೆಕ್ಸೈ ಕಿಟಾಯೆವ್, ಹಾಗೂ ನಿಲ್, ಲಾಫ್ಲಾಮ್, ಜುರೆಕ್ ತಂಡ ಬೇರೆಬೇರೆಯಾಗಿ ಹೊಸ್ತಿಲಿನ ಪ್ರಮೇಯವನ್ನು ಸಾಧಿಸಿದರು. ಪ್ರತಿ ಕ್ರಿಯೆಯ ದೋಷ ಒಂದು ನಿರ್ದಿಷ್ಟ ಮಿತಿಗಿಂತ ಕೆಳಗಿದ್ದರೆ, ಸಾಕಷ್ಟು ಕ್ಯೂಬಿಟ್‌ಗಳನ್ನು ವ್ಯಯಿಸಿ ಗಣನೆಯನ್ನು ಎಷ್ಟು ಬೇಕಾದರೂ ಉದ್ದಕ್ಕೆ ನಡೆಸಬಹುದು. ಮಿತಿಗಿಂತ ಮೇಲಿದ್ದರೆ ರಕ್ಷಣೆಗೆ ಬಂದ ಕ್ಯೂಬಿಟ್‌ಗಳೇ ಹೊಸ ತಪ್ಪುಗಳನ್ನು ತಂದು ಸುರಿಯುತ್ತವೆ.

ಹೊಸ್ತಿಲು ಎಷ್ಟು ಎತ್ತರದಲ್ಲಿದೆ ಎಂಬುದು ಕೋಡ್‌ಗೆ ತಕ್ಕಂತೆ ಬದಲಾಗುತ್ತದೆ. ಕಿಟಾಯೆವ್ ಅವರ 1997ರ ಕಲ್ಪನೆಯಿಂದ ಬೆಳೆದ ಸರ್ಫೇಸ್ ಕೋಡ್‌ನಲ್ಲಿ ಅದು ಸುಮಾರು ಶೇ. 1. ಕ್ಯೂಬಿಟ್‌ಗಳನ್ನು ಚೌಕದ ಜಾಲರಿಯಲ್ಲಿಟ್ಟು, ಪ್ರತಿಯೊಂದೂ ನೆರೆಯ ನಾಲ್ಕರೊಡನೆ ಮಾತ್ರ ವ್ಯವಹರಿಸಿದರೆ ಸಾಕು ಎಂಬ ಕಾರಣಕ್ಕೆ ಚಿಪ್ ಮಾಡುವವರಿಗೆ ಇದು ಅಚ್ಚುಮೆಚ್ಚು. ಜಾಲರಿಯ ಒಂದು ಬದಿಯ ಉದ್ದವನ್ನು ಕೋಡ್‌ನ ಅಂತರ ಎನ್ನುತ್ತಾರೆ. ಅಂತರ 3 ಆದರೆ 17, 5 ಆದರೆ 49, 7 ಆದರೆ 97 ಭೌತಿಕ ಕ್ಯೂಬಿಟ್‌ಗಳು ಸೇರಿ ಒಂದೇ ಒಂದು ತಾರ್ಕಿಕ, ಅಂದರೆ ರಕ್ಷಣೆ ಪಡೆದ, ಕ್ಯೂಬಿಟ್ ಆಗುತ್ತದೆ.

2023ರಲ್ಲಿ ಗೂಗಲ್ ತಂಡ ಅಂತರವನ್ನು 3ರಿಂದ 5ಕ್ಕೆ ಏರಿಸಿದಾಗ ಪ್ರತಿ ಸುತ್ತಿನ (ಎಲ್ಲ ತಾಳೆಗಳನ್ನು ಒಮ್ಮೆ ನೋಡಿ ಮುಗಿಸುವುದು ಒಂದು ಸುತ್ತು) ತಾರ್ಕಿಕ ದೋಷ ಶೇ. 3.028ರಿಂದ 2.914ಕ್ಕೆ ಇಳಿದಿತ್ತು. ಇಳಿದದ್ದು ಹೌದು, ಆದರೆ ಕೂದಲೆಳೆಯಷ್ಟು. ವಿಲೋದಲ್ಲಿ ಅಂತರ 7ರ ದೋಷ ಶೇ. 0.143, ಅಂತರವನ್ನು ಎರಡು ಏರಿಸಿದಾಗಲೆಲ್ಲ ದೋಷ 2.14 ಪಟ್ಟು ತಗ್ಗಿತು. ಆ ತಾರ್ಕಿಕ ಕ್ಯೂಬಿಟ್ ತನ್ನೊಳಗಿನ ಅತ್ಯುತ್ತಮ ಭೌತಿಕ ಕ್ಯೂಬಿಟ್‌ಗಿಂತ 2.4 ಪಟ್ಟು ಹೆಚ್ಚು ಕಾಲ ಬಾಳಿತು. ಲ್ಯಾಂಬ್ಡಾ ಎಂದು ಕರೆಯುವ ಆ 2.14 ಎಂಬ ಅನುಪಾತವೇ ಸುದ್ದಿಯ ತಿರುಳು. ಇದೇ ದರ ಮುಂದುವರಿದರೆ ದೋಷವನ್ನು ಹತ್ತು ಲಕ್ಷಕ್ಕೆ ಒಂದಕ್ಕೆ ಇಳಿಸಲು ಅಂತರ 27 ಬೇಕು, ಅಂದರೆ ಒಂದು ತಾರ್ಕಿಕ ಕ್ಯೂಬಿಟ್‌ಗೆ 1,457 ಭೌತಿಕ ಕ್ಯೂಬಿಟ್‌ಗಳು. ಲ್ಯಾಂಬ್ಡಾ 4 ಆದರೆ, ಇಂದಿನ ಶೇ. 0.143ರಿಂದಲೇ ಹೊರಟರೂ, ಅಂತರ 19 ಸಾಕು. ಕ್ಯೂಬಿಟ್‌ಗಳ ಸಂಖ್ಯೆ ಅರ್ಧಕ್ಕೆ, ಅಂದರೆ 721ಕ್ಕೆ ಇಳಿಯುತ್ತದೆ. ಕ್ಯೂಬಿಟ್‌ಗಳ ಸಂಖ್ಯೆಗಿಂತ ಗುಣಮಟ್ಟದ ಮೇಲೆ ಹಣ ಹೂಡುವುದು ಏಕೆ ಲಾಭದಾಯಕ ಎಂಬುದು ಈ ಒಂದು ಲೆಕ್ಕದಲ್ಲೇ ಇದೆ.

ಇಷ್ಟಾದರೂ ಅಲ್ಲಿ ಸಾಧಿಸಿದ್ದು ನೆನಪಿಟ್ಟುಕೊಳ್ಳುವುದನ್ನು ಮಾತ್ರ. ಒಂದು ತಾರ್ಕಿಕ ಕ್ಯೂಬಿಟ್ ತನ್ನ ಸ್ಥಿತಿಯನ್ನು ಕಾಪಾಡಿಕೊಂಡಿತು, ಗಣನೆ ನಡೆಯಲಿಲ್ಲ. ಗಣನೆಗೆ ತಾರ್ಕಿಕ ಕ್ಯೂಬಿಟ್‌ಗಳ ನಡುವೆ ಕ್ರಿಯೆಗಳು ನಡೆಯಬೇಕು, ಮತ್ತು ಯಾವ ಕೋಡ್‌ನಲ್ಲೂ ಎಲ್ಲ ಕ್ರಿಯೆಗಳನ್ನು ತಪ್ಪು ಹರಡದ ಸರಳ ರೀತಿಯಲ್ಲಿ ನಡೆಸಲಾಗದು ಎಂದು ಈಸ್ಟಿನ್ ಮತ್ತು ನಿಲ್ 2009ರಲ್ಲಿ ಸಾಧಿಸಿದ್ದಾರೆ. ಆ ಕೊರತೆಯನ್ನು ನೀಗಲು ಮ್ಯಾಜಿಕ್ ಸ್ಥಿತಿ ಎಂಬ ವಿಶೇಷ ಸ್ಥಿತಿಗಳನ್ನು ಪ್ರತ್ಯೇಕವಾಗಿ ತಯಾರಿಸಿ, ಬಟ್ಟಿ ಇಳಿಸಿದ ಹಾಗೆ ಶುದ್ಧಮಾಡಿ ಬಳಸಬೇಕಾಗುತ್ತದೆ. ಬಹುಕಾಲ ಯಂತ್ರದ ದೊಡ್ಡ ಪಾಲನ್ನು ಈ ಕೆಲಸವೇ ತಿನ್ನುತ್ತದೆ ಎಂದು ಅಂದಾಜಿಸಲಾಗಿತ್ತು. 2024ರಲ್ಲಿ ಗೂಗಲ್‌ನ ಸಂಶೋಧಕರು ಸೂಚಿಸಿದ, ಮ್ಯಾಜಿಕ್ ಸ್ಥಿತಿಯನ್ನು ಒಂದೇ ಕಡೆ ಸಣ್ಣದರಿಂದ ಬೆಳೆಸುತ್ತ ಹೋಗುವ ವಿಧಾನ ಆ ಅಂದಾಜನ್ನು ಬಹಳಷ್ಟು ಇಳಿಸಿದೆ.

ಹೊರಗಿನವರ ಗಮನಕ್ಕೆ ಬಾರದ ಇನ್ನೊಂದು ಭಾಗವೆಂದರೆ ಡಿಕೋಡರ್. ಸಿಂಡ್ರೋಮ್ ಹೇಳುವುದು ಎಲ್ಲೆಲ್ಲಿ ತಾಳೆ ತಪ್ಪಿದೆ ಎಂಬುದನ್ನು ಮಾತ್ರ. ಯಾವ ತಪ್ಪುಗಳಿಂದ ಹಾಗಾಗಿರಬಹುದು ಎಂದು ಊಹಿಸುವುದು ಸಾಮಾನ್ಯ ಕಂಪ್ಯೂಟರಿನ ಕೆಲಸ. ವಿಲೋದಲ್ಲಿ ಒಂದು ಸುತ್ತು ಮುಗಿಯುವುದು 1.1 ಮೈಕ್ರೋಸೆಕೆಂಡಿನಲ್ಲಿ, ಅಂದರೆ ಸೆಕೆಂಡಿಗೆ ಸುಮಾರು ಒಂಬತ್ತು ಲಕ್ಷ ಸುತ್ತುಗಳು. ಊಹಿಸುವ ವೇಗ ಈ ವೇಗಕ್ಕಿಂತ ಒಂದಿಷ್ಟು ಕಡಿಮೆಯಾದರೂ ಬಾಕಿ ಬೆಳೆಯುತ್ತದೆ. ಮುಂದಿನ ಮ್ಯಾಜಿಕ್ ಕ್ರಿಯೆ ಆ ಬಾಕಿ ತೀರುವವರೆಗೆ ಕಾಯಬೇಕು, ಕಾಯುವಾಗ ಇನ್ನಷ್ಟು ಸುತ್ತುಗಳು ಸೇರಿಕೊಳ್ಳುತ್ತವೆ, ಹೀಗೆ ಪ್ರತಿ ಹಂತದಲ್ಲೂ ಬಾಕಿ ಗುಣಿಸುತ್ತ ಹೋಗಿ ಕ್ವಾಂಟಮ್ ವೇಗದ ಲಾಭವನ್ನೇ ನುಂಗಿಬಿಡುತ್ತದೆ. ಗೂಗಲ್ ತಂಡ ಅಂತರ 5ರ ಕೋಡ್‌ಗೆ ಹತ್ತು ಲಕ್ಷ ಸುತ್ತುಗಳವರೆಗೆ ಬಾಕಿ ಬೆಳೆಯದಂತೆ, ಸರಾಸರಿ 63 ಮೈಕ್ರೋಸೆಕೆಂಡುಗಳ ತಡದಲ್ಲಿ ಡಿಕೋಡ್ ಮಾಡಿ ತೋರಿಸಿತು. ಅಂತರ 7ರ ಶೇ. 0.143 ಎಂಬ ಫಲಿತಾಂಶ ಮಾತ್ರ ಪ್ರಯೋಗ ಮುಗಿದ ಮೇಲೆ ನಿಧಾನವಾಗಿ ಲೆಕ್ಕಹಾಕಿ ಬಂದದ್ದು. ಈ ವ್ಯತ್ಯಾಸವನ್ನು ಪ್ರಬಂಧ ಮುಚ್ಚಿಟ್ಟಿಲ್ಲ. ಸುದ್ದಿಯಲ್ಲಿ ಅದು ಕಳೆದುಹೋಗುತ್ತದೆ.

ಸೂಪರ್‌ಕಂಡಕ್ಟರ್ ಚಿಪ್‌ಗಳದೊಂದೇ ದಾರಿಯಲ್ಲ. ಲೇಸರ್ ಕಿರಣಗಳಲ್ಲಿ ಹಿಡಿದಿಟ್ಟ ತಟಸ್ಥ ಪರಮಾಣುಗಳನ್ನು ಬೇಕಾದ ಕಡೆಗೆ ಒಯ್ಯಬಹುದು, ಆದರೆ ಅವುಗಳ ಸುತ್ತುಗಳು ಸಾವಿರ ಪಟ್ಟು ನಿಧಾನವಾಗುವುದೂ ಉಂಟು. ಅಯಾನುಗಳಲ್ಲಿ ದೋಷ ತೀರ ಕಡಿಮೆ, ವೇಗವೂ ಕಡಿಮೆ. ಕೋಡ್‌ಗಳ ಕಡೆಯಿಂದ ನೋಡಿದರೆ ಹೆಚ್ಚು ಕುತೂಹಲ ಹುಟ್ಟಿಸುವುದು, ಪ್ರತಿ ತಾಳೆಯಲ್ಲೂ ಕೆಲವೇ ಕ್ಯೂಬಿಟ್‌ಗಳನ್ನು ನೋಡುವ ಕ್ವಾಂಟಮ್ ಎಲ್‌ಡಿಪಿಸಿ ಕೋಡ್‌ಗಳು. ಐಬಿಎಂ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಇಂಥದೊಂದು ಕೋಡ್ 288 ಭೌತಿಕ ಕ್ಯೂಬಿಟ್‌ಗಳಲ್ಲಿ 12 ತಾರ್ಕಿಕ ಕ್ಯೂಬಿಟ್‌ಗಳನ್ನು ಕಾಪಾಡಬಲ್ಲದು. ಅಷ್ಟೇ ರಕ್ಷಣೆಗೆ ಸರ್ಫೇಸ್ ಕೋಡ್‌ಗೆ ಸುಮಾರು 3,000 ಬೇಕು. ಇದಕ್ಕೆ ತೆರಬೇಕಾದ ಬೆಲೆಯೆಂದರೆ ಪ್ರತಿ ಕ್ಯೂಬಿಟ್‌ಗೆ ನಾಲ್ಕರ ಬದಲು ಆರು ಸಂಪರ್ಕಗಳು, ಅವುಗಳಲ್ಲಿ ಕೆಲವು ಚಿಪ್‌ನ ದೂರದ ಮೂಲೆಗೆ. 2029ರ ಹೊತ್ತಿಗೆ 200 ತಾರ್ಕಿಕ ಕ್ಯೂಬಿಟ್‌ಗಳ ಯಂತ್ರವನ್ನು ಕೊಡುವುದಾಗಿ ಐಬಿಎಂ ಹೇಳಿರುವುದು ಈ ಬಗೆಯ ಕೋಡ್‌ಗಳನ್ನು ನಂಬಿಕೊಂಡೇ.

ಇಲ್ಲಿ ‘ತಾರ್ಕಿಕ ಕ್ಯೂಬಿಟ್’ ಎಂಬ ಪದದ ಬಗ್ಗೆಯೇ ಒಂದು ಮಾತು ಹೇಳಬೇಕು, ಏಕೆಂದರೆ ಅದು ರಬ್ಬರಿನಂತೆ ಹಿಗ್ಗುತ್ತಿದೆ. 2023ರ ಕೊನೆಯಲ್ಲಿ ಹಾರ್ವರ್ಡ್‌ನ ನೇತೃತ್ವದ ತಂಡ 48 ತಾರ್ಕಿಕ ಕ್ಯೂಬಿಟ್‌ಗಳಿಂದ ಗಣನೆ ನಡೆಸಿದ್ದು ನಿಜಕ್ಕೂ ದೊಡ್ಡ ಹೆಜ್ಜೆ. ಆದರೆ ಆ 48 ಇದ್ದದ್ದು ಎಂಟೆಂಟು ಪರಮಾಣುಗಳಲ್ಲಿ ಮೂರು ಮೂರು ತಾರ್ಕಿಕ ಕ್ಯೂಬಿಟ್‌ಗಳನ್ನಿಡುವ, ಅಂತರ 2ರ ಕೋಡ್‌ನಲ್ಲಿ. ಅಂತರ 2 ಎಂದರೆ ತಪ್ಪಾಗಿದೆ ಎಂದು ತಿಳಿಯುತ್ತದೆ, ಎಲ್ಲಿ ಎಂದು ತಿಳಿಯುವುದಿಲ್ಲ, ಆದ್ದರಿಂದ ತಪ್ಪು ಕಂಡ ಓಟವನ್ನು ಎಸೆದು ಮತ್ತೆ ಓಡಿಸಬೇಕು. 2024ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್ ಮತ್ತು ಕ್ವಾಂಟಿನಮ್ ತಾರ್ಕಿಕ ದೋಷ ಭೌತಿಕ ದೋಷಕ್ಕಿಂತ 800 ಪಟ್ಟು ಕಡಿಮೆಯಾಯಿತು ಎಂದು ಸಾರಿದವು. ಅವರದೇ ಪ್ರಬಂಧದ ಸಾರಾಂಶದಲ್ಲಿ ಆ ಕೋಡ್‌ನ ಲಾಭವನ್ನು 4.7ರಿಂದ 800 ಪಟ್ಟು ಎಂದು ಬರೆದಿದೆ. ಸಂದೇಹ ಬಂದ ಓಟಗಳನ್ನು ಎಷ್ಟು ಕಟ್ಟುನಿಟ್ಟಾಗಿ ಬದಿಗಿಡುತ್ತೀರಿ ಎಂಬುದರ ಮೇಲೆ ಅದು ನಿಂತಿದೆ. ಓಟಗಳನ್ನು ಎಸೆಯುವುದು ಮೋಸವಲ್ಲ, ಸಣ್ಣ ಗಣನೆಗಳಿಗೆ ಜಾಣತನವೇ. ಗಣನೆ ಉದ್ದವಾದಂತೆ ಮಾತ್ರ, ಎಸೆಯದೆ ಉಳಿಯುವ ಓಟಗಳ ಪಾಲು ಸೊನ್ನೆಯ ಕಡೆಗೆ ಓಡುತ್ತದೆ. 4.7 ಮತ್ತು 800 ಎರಡೂ ನಿಜವಾಗಿರುವಾಗ ತಲೆಬರಹಕ್ಕೆ ಯಾವುದು ಹೋಗುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಎರಡನ್ನೂ ಓದಿ ವ್ಯತ್ಯಾಸ ಹೇಳಬಲ್ಲ ಜನ ಸಾಕಷ್ಟು ಸಂಖ್ಯೆಯಲ್ಲಿ ಇರುವುದು ಇದಕ್ಕೇ ಬೇಕು.

ಅಂಥ ಜನ ಎಲ್ಲಿಂದ ಬರುತ್ತಾರೆ? ಈ ಕ್ಷೇತ್ರಕ್ಕೆ ಒಂದು ಅಪರೂಪದ ಅನುಕೂಲವಿದೆ, ಅದೂ ಒಂದು ಪ್ರಮೇಯದ ರೂಪದಲ್ಲಿ. ದೋಷ ತಿದ್ದುಪಡಿಯ ಬಹುಪಾಲು ಸರ್ಕ್ಯೂಟ್‌ಗಳು ಯಾವ ವರ್ಗಕ್ಕೆ ಸೇರುತ್ತವೆಯೋ ಆ ವರ್ಗದ ಸರ್ಕ್ಯೂಟ್‌ಗಳನ್ನು ಸಾಮಾನ್ಯ ಕಂಪ್ಯೂಟರಿನಲ್ಲೇ ಸಲೀಸಾಗಿ ಅನುಕರಿಸಬಹುದು ಎಂದು ಗಾಟ್ಸ್‌ಮನ್-ನಿಲ್ ಪ್ರಮೇಯ ಹೇಳುತ್ತದೆ. ಆದ್ದರಿಂದ ಹೊಸ ಕೋಡ್ ಒಂದನ್ನು ಪರೀಕ್ಷಿಸಲು ಕ್ವಾಂಟಮ್ ಯಂತ್ರವಾಗಲೀ ಅತಿಶೀತಲ ಪೆಟ್ಟಿಗೆಯಾಗಲೀ ಬೇಡ, ಒಂದು ಲ್ಯಾಪ್‌ಟಾಪ್ ಸಾಕು. ಗೂಗಲ್‌ನ ಕ್ರೇಗ್ ಗಿಡ್ನಿ 2021ರಲ್ಲಿ ಬಿಡುಗಡೆ ಮಾಡಿದ ಸ್ಟಿಮ್ ಎಂಬ ಅನುಕರಣ ತಂತ್ರಾಂಶ, ಆಸ್ಕರ್ ಹಿಗಾಟ್ ಬರೆದ ಪೈಮ್ಯಾಚಿಂಗ್ ಎಂಬ ಡಿಕೋಡರ್, ಕೋಡ್‌ಗಳನ್ನೆಲ್ಲ ಒಂದೆಡೆ ವಿವರಿಸುವ ‘ಎರರ್ ಕರೆಕ್ಷನ್ ಝೂ’ ಎಂಬ ಕೋಶ, ಇವೆಲ್ಲ ಯಾರು ಬೇಕಾದರೂ ಬಳಸುವಂತೆ ತೆರೆದಿವೆ. 2007ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಆರಂಭವಾದ ದೋಷ ತಿದ್ದುಪಡಿಯ ಸಮ್ಮೇಳನ ಸರಣಿ 2025ರಲ್ಲಿ ಯೇಲ್‌ಗೆ ಬಂದಿದೆ. ಒಂದೇ ಬಗೆಯ ದೋಷ ಹೆಚ್ಚಾಗಿ ಆಗುವ ಕ್ಯೂಬಿಟ್‌ಗಳಿಗೆ ಬಹಳ ಚೆನ್ನಾಗಿ ಒದಗುವ ಎಕ್ಸ್‌ಝಡ್‌ಝಡ್‌ಎಕ್ಸ್ ಎಂಬ ಸರ್ಫೇಸ್ ಕೋಡ್ ಹುಟ್ಟಿದ್ದು ಸಿಡ್ನಿ ವಿಶ್ವವಿದ್ಯಾಲಯದ ಪದವಿ ವಿದ್ಯಾರ್ಥಿಯೊಬ್ಬ ಹಿರಿಯರೊಡನೆ ಕೂಡಿ ನಡೆಸಿದ ಕೆಲಸದಿಂದ. ಬಾಗಿಲು ಇಷ್ಟು ತೆರೆದಿಲ್ಲದಿದ್ದರೆ ಆ ವಿದ್ಯಾರ್ಥಿ ಸರದಿಯಲ್ಲಿ ಇನ್ನೂ ಹತ್ತು ವರ್ಷ ಕಾಯಬೇಕಾಗುತ್ತಿತ್ತು.

ಬಾಗಿಲು ತೆರೆದಿದ್ದರೆ ಸಾಲದು; ಒಳಗೆ ಬಂದವರು ಬೇರೆಬೇರೆ ಕೋಣೆಗಳಲ್ಲಿ ಕುಳಿತರೆ ಪ್ರಯೋಜನವಿಲ್ಲ. ಕೋಡ್ ಬರೆಯುವವರು ಎಲ್ಲ ದೋಷಗಳೂ ಸಮಾನ, ಒಂದಕ್ಕೊಂದು ಸಂಬಂಧವಿಲ್ಲದವು ಎಂದು ಹಿಡಿದು ಲೆಕ್ಕ ಮಾಡುತ್ತಾರೆ; ಯಂತ್ರ ಕಟ್ಟುವವರಿಗೆ ಗೊತ್ತಿರುವ ದೋಷಗಳು ಹಾಗಿರುವುದಿಲ್ಲ. ಈ ಎರಡು ಕೋಣೆಗಳ ನಡುವಿನ ಗೋಡೆ ಒಡೆದಾಗ ಏನಾಗುತ್ತದೆ ಎಂಬುದಕ್ಕೆ 2022ರ ಒಂದು ಕೆಲಸ ಒಳ್ಳೆಯ ಉದಾಹರಣೆ. ಪ್ರಿನ್ಸ್‌ಟನ್‌ನ ಜೆಫ್ ಥಾಂಪ್ಸನ್ ಮತ್ತು ಯೇಲ್‌ನ ಶ್ರುತಿ ಪುರಿ ಅವರಿದ್ದ ತಂಡ, ಯಿಟರ್ಬಿಯಂ ಪರಮಾಣುವಿನಲ್ಲಿ ಆಗುವ ದೋಷಗಳ ಬಹುಪಾಲನ್ನು ‘ಇಲ್ಲಿ ತಪ್ಪಾಗಿದೆ’ ಎಂದು ತಾನೇ ಸೂಚಿಸುವ ಬಗೆಗೆ ತಿರುಗಿಸಬಹುದು ಎಂದು ತೋರಿಸಿತು. ತಪ್ಪಾದ ಜಾಗ ಗೊತ್ತಿದ್ದರೆ ತಿದ್ದುವುದು ಎಷ್ಟೋ ಸುಲಭ. ಅವರ ಲೆಕ್ಕದಲ್ಲಿ ಹೊಸ್ತಿಲು ಸುಮಾರು ಶೇ. 0.94ರಿಂದ 4.15ಕ್ಕೆ ಏರಿತು. ಪರಮಾಣುವಿನ ಶಕ್ತಿಮಟ್ಟಗಳನ್ನು ಬಲ್ಲವರು ಮತ್ತು ಕೋಡ್‌ಗಳನ್ನು ಬಲ್ಲವರು ಒಂದೇ ಹಲಗೆಯ ಮುಂದೆ ನಿಲ್ಲದಿದ್ದರೆ ಇದು ಹೊಳೆಯುವಂಥದಲ್ಲ.

ಇಂಥದೇ ಇನ್ನೊಂದು ಸಂಗತಿ 2025ರ ಮೇ ತಿಂಗಳಿನದು. 2048 ಬಿಟ್‌ಗಳ ಆರ್‌ಎಸ್‌ಎಯನ್ನು ಒಡೆಯಲು 2 ಕೋಟಿ ಕ್ಯೂಬಿಟ್‌ಗಳು ಮತ್ತು 8 ಗಂಟೆ ಬೇಕೆಂದು 2019ರಲ್ಲಿ ಗಿಡ್ನಿ ಮತ್ತು ಮಾರ್ಟಿನ್ ಎಕೆರೊ ಅಂದಾಜಿಸಿದ್ದರು. ಹೊಸ ಅಂದಾಜಿನಲ್ಲಿ ಗಿಡ್ನಿ ಅದನ್ನು ಹತ್ತು ಲಕ್ಷಕ್ಕಿಂತ ಕಡಿಮೆ ಕ್ಯೂಬಿಟ್‌ಗಳು ಮತ್ತು ಒಂದು ವಾರಕ್ಕಿಂತ ಕಡಿಮೆ ಕಾಲಕ್ಕೆ ತಂದರು. ಕ್ಯೂಬಿಟ್‌ಗಳ ಗುಣಮಟ್ಟದ ಬಗೆಗಿನ ಊಹೆ ಎರಡರಲ್ಲೂ ಒಂದೇ, ಸಾವಿರಕ್ಕೊಂದು ದೋಷ. ಇಪ್ಪತ್ತು ಪಟ್ಟಿನ ಈ ಇಳಿಕೆ ಬಂದದ್ದು ಫ್ರಾನ್ಸಿನ ಗೂಢಲಿಪಿ ತಜ್ಞರ ಒಂದು ಅಂಕಗಣಿತದ ಉಪಾಯ, ತಾರ್ಕಿಕ ಕ್ಯೂಬಿಟ್‌ಗಳನ್ನು ಒತ್ತಾಗಿ ಶೇಖರಿಸುವ ರೀತಿ, ಮ್ಯಾಜಿಕ್ ಸ್ಥಿತಿಯ ಹೊಸ ತಯಾರಿಕೆ ಇವುಗಳನ್ನು ಜೋಡಿಸಿದ್ದರಿಂದ. ಈ ಉಪಾಯಗಳು ಬಹಿರಂಗವಾಗಿ ಪ್ರಕಟವಾಗಿರದಿದ್ದರೆ ಅವುಗಳನ್ನು ಜೋಡಿಸಲು ಯಾರಿಗೂ ಸಾಧ್ಯವಾಗುತ್ತಿರಲಿಲ್ಲ. ಇದೇ ಲೆಕ್ಕ ಎಲ್ಲರ ಕಣ್ಣೆದುರಿಗೆ ಇರುವುದರಿಂದಲೇ, 2024ರ ಆಗಸ್ಟಿನಲ್ಲಿ ಅಮೆರಿಕದ ಮಾನಕ ಸಂಸ್ಥೆ ಅಂತಿಮಗೊಳಿಸಿದ, ಕ್ವಾಂಟಮ್ ಯಂತ್ರಕ್ಕೂ ಜಗ್ಗದಂತೆ ರೂಪಿಸಿದ ಹೊಸ ಗೂಢಲಿಪಿ ಮಾನಕಗಳಿಗೆ ಎಷ್ಟು ಬೇಗ ಬದಲಾಗಬೇಕು ಎಂದು ಉಳಿದವರು ತೀರ್ಮಾನಿಸಬಲ್ಲರು.

ಆದರೆ ಬಾಗಿಲು ಮೆಲ್ಲಗೆ ಮುಚ್ಚಿಕೊಳ್ಳುವ ಲಕ್ಷಣಗಳೂ ಇವೆ. ದೊಡ್ಡ ಪ್ರಯೋಗಗಳು ಈಗ ಹೆಚ್ಚಾಗಿ ಕಂಪನಿಗಳ ಒಳಗೆ ನಡೆಯುತ್ತವೆ. 2024ರಲ್ಲಿ ಬ್ರಿಟನ್, ಫ್ರಾನ್ಸ್, ಕೆನಡಾ, ಅಮೆರಿಕಗಳು 34 ಅಥವಾ ಹೆಚ್ಚು ಕ್ಯೂಬಿಟ್‌ಗಳಿದ್ದು ದೋಷ ನಿಗದಿತ ಮಟ್ಟಕ್ಕಿಂತ ಕಡಿಮೆಯಿರುವ ಯಂತ್ರಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿವೆ. ಭದ್ರತೆಯ ಕಾರಣಗಳು ಹುರುಳಿಲ್ಲದವಲ್ಲ. ಆದರೂ ಗೂಗಲ್ ತಂಡ ತನ್ನ ಸರ್ಫೇಸ್ ಕೋಡ್ ಪ್ರಯೋಗಗಳ ಸಿಂಡ್ರೋಮ್ ದತ್ತಾಂಶವನ್ನು ಬಹಿರಂಗಪಡಿಸಿದ್ದರಿಂದಲೇ ಬೇರೆ ಊರುಗಳ, ಬೇರೆ ಕಂಪನಿಗಳ ಡಿಕೋಡರ್‌ಗಳನ್ನು ನಿಜವಾದ ಯಂತ್ರದ ನಿಜವಾದ ತಪ್ಪುಗಳ ಮೇಲೆ ಪರೀಕ್ಷಿಸಲು ಆಯಿತು ಎಂಬುದನ್ನು ಮರೆಯಬಾರದು. ದತ್ತಾಂಶ ಕೊಟ್ಟವರಿಗೂ ಇದರಿಂದ ನಷ್ಟವಾಗಲಿಲ್ಲ. ತಮ್ಮ ಚಿಪ್‌ಗೆ ಉತ್ತಮ ಡಿಕೋಡರ್‌ಗಳನ್ನು ಜಗತ್ತೇ ಬರೆದುಕೊಟ್ಟಿತು.

ಇನ್ನು ಯಾರೊಬ್ಬರ ಕೋಣೆಗೂ ಪೂರ್ತಿ ಸೇರದ ಒಂದು ಸಮಸ್ಯೆ ಉಳಿದಿದೆ. ಸರ್ಫೇಸ್ ಕೋಡ್‌ಗಿಂತ ಸರಳವಾದ, ಒಂದೇ ಬಗೆಯ ದೋಷವನ್ನು ತಿದ್ದುವ ಕೋಡ್‌ನಿಂದ ಗೂಗಲ್ ತಂಡ ಅತಿ ಅಪರೂಪದ ದೋಷಗಳನ್ನು ಹುಡುಕಿತು. ಹಿಂದಿನ ಪೀಳಿಗೆಯ ಚಿಪ್‌ನಲ್ಲಿ ದೋಷ ಸುಮಾರು ಹತ್ತು ಲಕ್ಷಕ್ಕೆ ಒಂದರಲ್ಲಿ ನಿಂತುಬಿಟ್ಟಿತ್ತು, ಹೆಚ್ಚಿನ ಶಕ್ತಿಯ ಕಣಗಳು ಬಡಿದಾಗ ಹಲವು ಕ್ಯೂಬಿಟ್‌ಗಳು ಒಟ್ಟಿಗೆ ಕೆಡುತ್ತಿದ್ದವು. ಹೊಸ ಚಿಪ್‌ನಲ್ಲಿ ಆ ತಳ ಸಾವಿರ ಕೋಟಿಗೆ ಒಂದರವರೆಗೆ ಇಳಿದಿದೆ. ಆದರೂ ಸುಮಾರು ಗಂಟೆಗೊಮ್ಮೆ ಅಕ್ಕಪಕ್ಕದ ಹಲವು ಕ್ಯೂಬಿಟ್‌ಗಳು ಒಟ್ಟಿಗೆ ಹದಗೆಡುತ್ತವೆ, ಮತ್ತು ಪ್ರಬಂಧ ಪ್ರಕಟವಾದಾಗ ಅದರ ಮೂಲ ಪತ್ತೆಯಾಗಿರಲಿಲ್ಲ. ಒಂದು ಚಿಪ್‌ಗೆ ಗಂಟೆಗೊಮ್ಮೆ ಎಂಬುದು ಅಲ್ಪವೆನಿಸಬಹುದು. ನೂರು ನೂರು ಕ್ಯೂಬಿಟ್‌ಗಳ ಇಂಥ ಹತ್ತು ಸಾವಿರ ಚಿಪ್‌ಗಳಿಂದ ಹತ್ತು ಲಕ್ಷ ಕ್ಯೂಬಿಟ್‌ಗಳ ಯಂತ್ರ ಕಟ್ಟಿ, ದರ ಇದೇ ಉಳಿಯಿತೆಂದುಕೊಂಡರೆ, ಆರ್‌ಎಸ್‌ಎ ಒಡೆಯಲು ವಾರವಿಡೀ ನಡೆಯಬೇಕಾದ ಆ ಗಣನೆಯಲ್ಲಿ ಇಂಥ ಸಾಮೂಹಿಕ ದೋಷ ಸೆಕೆಂಡಿಗೆ ಎರಡು ಮೂರು ಸಲ ಎಲ್ಲಾದರೊಂದು ಕಡೆ ಆಗುತ್ತಿರುತ್ತದೆ. ಅದನ್ನು ಕೋಡ್ ಬದಲಿಸಿ ತಡೆಯಬೇಕೋ, ಡಿಕೋಡರ್‌ಗೆ ಕಲಿಸಬೇಕೋ, ಅಥವಾ ಚಿಪ್‌ನ ಅಲ್ಯೂಮಿನಿಯಂ ಪದರವನ್ನೇ ಬೇರೆ ರೀತಿ ಹಚ್ಚಬೇಕೋ ಎಂಬುದು ಇನ್ನೂ ತೀರ್ಮಾನವಾಗಬೇಕಾದ ಮಾತು.